ಹಾಡಿನ ಕೆಳಗೊಂದು ಹೆಸರು

ಟಿವಿಯ ಗಾಯನ ಸ್ಪರ್ಧೆಗಳಲ್ಲಿ ಹಾಡು ಮುಗಿದ ಕೂಡಲೇ ಏನಾಗುತ್ತದೆ ಎಂಬುದನ್ನು ಒಮ್ಮೆ ಗಮನಿಸಿ. ಚಪ್ಪಾಳೆ ಬೀಳುತ್ತದೆ, ತೀರ್ಪುಗಾರರ ಕಣ್ಣಂಚಿನ ನೀರನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ, ಸ್ಪರ್ಧಿಯ ತಾಯಿಯ ಮುಖ ಬರುತ್ತದೆ, ಅಂಕ ಬರುತ್ತದೆ, ಜಾಹೀರಾತು ಬರುತ್ತದೆ. ಸ್ಪರ್ಧಿಯ ಊರು, ಓದು, ಮನೆಯ ಕಷ್ಟ ಎಲ್ಲವೂ ನಮಗೆ ತಿಳಿಯುತ್ತದೆ. ಆ ಹಾಡನ್ನು ಬರೆದವರು ಯಾರು, ಅದಕ್ಕೆ ರಾಗ ಹಾಕಿದವರು ಯಾರು ಎಂಬುದು ಮಾತ್ರ ಎಷ್ಟೋ ಸಲ ತಿಳಿಯುವುದೇ ಇಲ್ಲ. ಹೆಸರು ಬಂದರೂ ಪರದೆಯ ಕೆಳಗಂಚಿನಲ್ಲಿ ಸಣ್ಣಕ್ಷರದಲ್ಲಿ ಬಂದು, ಓದಿ ಮುಗಿಸುವಷ್ಟರಲ್ಲಿ ಹೋಗಿಬಿಡುತ್ತದೆ.

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಕಿರು ಪ್ರಬಂಧಕ್ಕೆ ‘ಟಿವಿಯಲ್ಲಿ ಕನ್ನಡ ಕವಿತೆ’ ಎಂಬ ವಿಷಯ ಆರಿಸಿಕೊಂಡಿದ್ದೇನೆ. ಗದಗ ಜಿಲ್ಲೆಯ ನಮ್ಮ ಹಳ್ಳಿಗೆ ಫೋನ್ ಮಾಡಿ ಇದನ್ನು ಹೇಳಿದಾಗ ಅವ್ವ, “ಟಿವಿ ನೋಡೂದಕ್ಕ ಅಷ್ಟು ದೂರ ಹೋಗಿ ಓದಬೇಕೇನ ನನ್ನವ್ವಾ? ಮನ್ಯಾಗ ಕುಂತು ನೋಡಿದ್ರ ಆಗತಿರಲಿಲ್ಲೇನು?” ಎಂದಳು. ಆಕೆಯ ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಕೂತು ನೋಡಿದ್ದೇ ನನ್ನನ್ನು ಈ ವಿಷಯಕ್ಕೆ ಕರೆತಂದದ್ದು ಕೂಡ.

ನೋಡುವುದಕ್ಕಿಂತ ಮೊದಲು ಕೇಳುವುದಿತ್ತು. ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಸಾಲಿ ಕಲಿತವಳಲ್ಲ. ಆದರೆ ಚಿ. ಉದಯಶಂಕರ್, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ರಾಜನ್–ನಾಗೇಂದ್ರ, ವಿಜಯಭಾಸ್ಕರ್ ಎಂಬ ಹೆಸರುಗಳು ಆಕೆಯ ನಾಲಿಗೆಯ ಮೇಲಿದ್ದವು. ಇದನ್ನೆಲ್ಲ ಕಲಿಸಿದ್ದು ರೇಡಿಯೊ. ಆಕಾಶವಾಣಿ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಅಂದಿನಿಂದ ಈ ಭಾಗದ ಅಡುಗೆಮನೆ, ಮಗ್ಗದ ಮನೆ, ಹೊಲದ ಬದುಗಳಲ್ಲಿ ಅದರ ದನಿ ಇದೆ. ಚಿತ್ರಗೀತೆ ಹಾಕುವ ಮೊದಲು ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಹಾಡಿದವರು ಎಂದು ಬಿಡಿಸಿ ಹೇಳುತ್ತಿದ್ದರು. ಅಮ್ಮ ಆ ಹೆಸರುಗಳನ್ನು ಹಾಡಿನ ಮೊದಲ ಸಾಲಿನ ಹಾಗೆಯೇ ಬಾಯಿಪಾಠ ಮಾಡಿಕೊಂಡಿದ್ದಳು. ಅಕ್ಷರ ಬಾರದ ಹೆಣ್ಣುಮಗಳೊಬ್ಬಳಿಗೆ ಕನ್ನಡ ಚಿತ್ರಗೀತೆಯ ಚರಿತ್ರೆ ಗೊತ್ತಿತ್ತು ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಟಿವಿಯಲ್ಲಿ ಆ ಕೆಲಸವನ್ನು ಮುಂದುವರಿಸಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಹೆಸರೇ ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಗೆ ತರುವಂಥದ್ದು. ನಾನಾಗ ಸಣ್ಣವಳು, ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೂ ಮನೆಯವರೆಲ್ಲ ಕೂತು ನೋಡುವ ಗಳಿಗೆ ಅದಾಗಿತ್ತು. ಮಗು ಹಾಡಿ ಮುಗಿಸಿದ ಮೇಲೆ ಎಸ್‌ಪಿಬಿ ಮೊದಲು ಮಗುವನ್ನು ಮೆಚ್ಚುತ್ತಿದ್ದರು. ಆಮೇಲೆ ಹಾಡಿನ ಬಗ್ಗೆ ಮಾತು. ಇದನ್ನು ಬರೆದವರು ಇಂಥವರು, ಇದಕ್ಕೆ ರಾಗ ಹಾಕಿದವರು ಇಂಥವರು, ಧ್ವನಿಮುದ್ರಣದ ದಿನ ಹೀಗಾಯಿತು ಎಂದು ಹೇಳುತ್ತ ಎದುರಿಗಿಲ್ಲದ ಹಿರಿಯರಿಗೆ ಕೈ ಮುಗಿಯುತ್ತಿದ್ದರು. ಮಗು ಮಹಾಪ್ರಾಣ ತಪ್ಪಿದರೆ ಸಾವಧಾನವಾಗಿ ತಿದ್ದುತ್ತಿದ್ದರು. ಅವರ ಮನೆಮಾತು ತೆಲುಗು. 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡದಲ್ಲಿ ಹಾಡತೊಡಗಿದ ಮನುಷ್ಯ, ನಮ್ಮ ಮಕ್ಕಳಿಗೆ ನಮ್ಮ ಕವಿಗಳ ಹೆಸರು ಹೇಳಿಕೊಟ್ಟರು. ನಮ್ಮ ಗದುಗಿನ ಮೇಲೆ ಅವರ ಋಣ ಇನ್ನೊಂದು ಇದೆ: ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಬದುಕಿನ ಮೇಲೆ ಬಂದ 1995ರ ಚಿತ್ರದ ಹಾಡಿಗೆ ಎಸ್‌ಪಿಬಿ ಅವರಿಗೂ, ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. 2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅಡಿಟಿಪ್ಪಣಿ ಬರೆಯುವುದನ್ನು ಕಲಿತೆ. ಯಾರ ಮಾತು, ಯಾವ ಪುಸ್ತಕ, ಯಾವ ಪುಟ ಎಂದು ಪ್ರತಿಯೊಂದಕ್ಕೂ ಲೆಕ್ಕ ಕೊಡಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿದೆ. ಸಂಶೋಧನಾ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗಿದ್ದರೆ ದಂಡವಿಲ್ಲ, ಶೇ 40 ದಾಟಿದರೆ ಒಂದು ಶಿಕ್ಷೆ, ಶೇ 60 ದಾಟಿದರೆ ನೋಂದಣಿಯೇ ರದ್ದು. ಗೆಳತಿಯರು ಇದನ್ನು ಬರೀ ಭಯದ ವಿಷಯವಾಗಿ ಮಾತನಾಡಿಕೊಳ್ಳುತ್ತಾರೆ. ನನಗೆ ಇದು ಪರಿಚಿತವಾದ ಶಿಸ್ತು ಎನ್ನಿಸಿತು. ರೇಡಿಯೊದ ಉದ್ಘೋಷಕರೂ ಎಸ್‌ಪಿಬಿಯವರೂ ಮಾಡುತ್ತಿದ್ದದ್ದು ಇದನ್ನೇ: ಇದು ನನ್ನದಲ್ಲ, ಇಂಥವರದು ಎಂದು ಮೊದಲೇ ಹೇಳಿಬಿಡುವುದು.

ಕನ್ನಡದ ಮಟ್ಟಿಗೆ ಈ ಶಿಸ್ತು ವಿಶ್ವವಿದ್ಯಾಲಯಗಳಿಗಿಂತ ಬಹಳ ಹಳೆಯದು. ವಚನಗಳ ಅಂಕಿತವನ್ನೇ ನೋಡಿ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದಾಸರಲ್ಲಿ ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸಂತ ಶಿಶುನಾಳ ಶರೀಫರು ತಮ್ಮ ಊರ ದೇವರ ಹೆಸರಿನಲ್ಲಿ ಅಂಕಿತ ಇಟ್ಟರು. ಇವುಗಳಲ್ಲಿ ಎಷ್ಟೋ ರಚನೆಗಳು ಬಾಯಿಂದ ಬಾಯಿಗೆ, ಏಕತಾರಿಯಿಂದ ಏಕತಾರಿಗೆ, ತಾಳೆಗರಿಯಿಂದ ತಾಳೆಗರಿಗೆ ದಾಟಿ ಬಂದವು. ಮುದ್ರಣವಿಲ್ಲದ, ಹಕ್ಕುಸ್ವಾಮ್ಯವಿಲ್ಲದ ಕಾಲದಲ್ಲಿ ಹಾಡಿನ ಒಳಗೇ ಹೆಸರನ್ನು ಹೊಲಿದಿಟ್ಟರು. ದೇವರ ಹೆಸರು ಹೇಳಿದಂತೆಯೂ ಆಯಿತು, ಹೇಳಿದವರು ಯಾರೆಂದು ತಿಳಿಸಿದಂತೆಯೂ ಆಯಿತು.

ಸೂಳೆ ಸಂಕವ್ವ ಎಂಬ ಹನ್ನೆರಡನೆಯ ಶತಮಾನದ ಹೆಣ್ಣುಮಗಳನ್ನು ನೆನೆಯುತ್ತೇನೆ. ಆಕೆಯದೆಂದು ನಮಗೆ ಸಿಕ್ಕಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಆಕೆಯ ಊರು, ಹುಟ್ಟು, ಸಾವು ಎಲ್ಲವೂ ಕಳೆದುಹೋಗಿವೆ. ಆ ಒಂದು ಅಂಕಿತದ ಬಲದಿಂದ ಎಂಟು ನೂರು ವರ್ಷ ದಾಟಿ ಆಕೆ ನಮ್ಮ ತರಗತಿಗೆ ಬಂದಿದ್ದಾಳೆ. ಇದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ಹದಿನೈದು ಸಮಗ್ರ ವಚನ ಸಂಪುಟಗಳು ಬಂದವು. ಅಂಥ ಸಂಪಾದನೆಯ ದೊಡ್ಡ ಕೆಲಸವೇ ಯಾವ ವಚನ ಯಾರದು ಎಂದು ಗೊತ್ತುಮಾಡುವುದು. ಅಂಕಿತದ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚುಹಾಕಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು.

ಪ್ರಬಂಧಕ್ಕಾಗಿ ಟಿವಿ ಕಾರ್ಯಕ್ರಮಗಳನ್ನು ಮತ್ತೆ ಮತ್ತೆ ನೋಡುತ್ತ ಕೂತಾಗ ನನಗೆ ಹೊಳೆದ ಮುಖ್ಯ ಸಂಗತಿ ಇಲ್ಲಿದೆ. ದಾಸರ ಪದಗಳಲ್ಲಿ, ಶರೀಫರ ಪದಗಳಲ್ಲಿ ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ಟಿವಿಗೆ ಬೇಕಾದದ್ದು ಎರಡು ಮೂರು ನಿಮಿಷದ ಹಾಡು. ಹಾಗಾಗಿ ಪಲ್ಲವಿ ಮತ್ತು ಮೊದಲ ನುಡಿ ಹಾಡಿ, ನಡುವೆ ವಾದ್ಯಗಳ ಅಬ್ಬರ ಸೇರಿಸಿ, ಮತ್ತೆ ಪಲ್ಲವಿಗೆ ಬಂದು ಮುಗಿಸುತ್ತಾರೆ. ಕತ್ತರಿ ಬೀಳುವುದು ಕೊನೆಯ ನುಡಿಗೆ. ಅಲ್ಲಿಗೆ ಪುರಂದರದಾಸರು ಹೊರಗೆ, ಶರೀಫರು ಹೊರಗೆ. ಶತಮಾನಗಳ ಕಾಲ ಹೆಸರನ್ನು ಕಾಯ್ದ ಉಪಾಯವೊಂದು ಸಮಯದ ಒತ್ತಡಕ್ಕೆ ಸೋಲುತ್ತದೆ. ಇದನ್ನು ಬೇಕೆಂದೇ ಯಾರೂ ಮಾಡುತ್ತಿಲ್ಲ, ನಿಜ. ಆದರೆ ಕಾರ್ಯಕ್ರಮ ನೋಡಿ ಆ ಪದ ಕಲಿಯುವ ಮಗು ಕಲಿಯುವುದು ಅಂಕಿತವಿಲ್ಲದ ಪದವನ್ನೇ. ಊರ ಜಾತ್ರೆಯಲ್ಲಿ ಅದು ಹಾಡುವುದೂ ಹಾಗೆಯೇ. ವಚನ ಚಿಕ್ಕದಾದ್ದರಿಂದ ಈ ಕತ್ತರಿಯಿಂದ ಬಹುಮಟ್ಟಿಗೆ ಪಾರಾಗಿದೆ.

ಸಮಯ ಕಡಿಮೆ ಎಂಬುದು ನೆಪವಾಗಲಾರದು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದಾಗ ಸಿಗುತ್ತಿದ್ದದ್ದು ಸುಮಾರು ಮೂರೇ ನಿಮಿಷ. ಅಷ್ಟರಲ್ಲೇ ಖಯಾಲು ಹಾಡಿ, ಕೊನೆಗೆ ಏರುದನಿಯಲ್ಲಿ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿದು ಚೀಟಿ ಅಂಟಿಸಲು ಆ ದನಿ ಬೇಕಿತ್ತು. ಬದುಕಿನ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆಕೆಯ ತಟ್ಟೆಗಳನ್ನು ಇಂದು ಅಂತರ್ಜಾಲದಲ್ಲಿ ಯಾರು ಎಲ್ಲಿ ಹಾಕಿದರೂ, ಶೀರ್ಷಿಕೆ ತಪ್ಪಿದರೂ, ಹೆಸರು ತಪ್ಪುವುದಿಲ್ಲ.

ಧಾರವಾಡದಲ್ಲಿ ಓದುವವರಿಗೆ ಇನ್ನೊಂದು ಭಾಗ್ಯವಿದೆ. ಇಲ್ಲಿ ಗುರುವಿನ ಹೆಸರು ಹೇಳುವಾಗ ಗಾಯಕರು ಕಿವಿ ಮುಟ್ಟಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು. ನನಗೆ ಮೊದಲ ಸಲ ಅದು ವಿಚಿತ್ರವೆನಿಸಿತ್ತು. ಈಗ ಅದಿಲ್ಲದೆ ಹೆಸರು ಹೇಳಿದರೆ ಏನೋ ಕೊರತೆ ಎನಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಕಲಿತು, ಆಮೇಲೆ ಜೈಪುರ–ಅತ್ರೌಲಿ ಘರಾಣೆಯ ಮಂಜೀಖಾನ್ ಮತ್ತು ಬುರ್ಜೀಖಾನರಲ್ಲಿ ಕಲಿತರು. ಆತ್ಮಕಥೆ ‘ನನ್ನ ರಸಯಾತ್ರೆ’ಯಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವಾಗಲೂ ಗುರುಗಳೇ ಮುಂದೆ ನಿಲ್ಲುತ್ತಾರೆ. ಧಾರವಾಡದ ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲೂ ಅವರು ಕೆಲಸ ಮಾಡಿದ್ದರು. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ, ಆ ಅಂಕಿತಗಳನ್ನು ಕನ್ನಡ ಬಾರದ ಶ್ರೋತೃಗಳ ಕಿವಿಗೂ ಮುಟ್ಟಿಸಿದವರಲ್ಲಿ ಅವರು ದೊಡ್ಡವರು.

ಹಾಸ್ಟೆಲ್ಲಿನಲ್ಲಿ ರಾತ್ರಿ ಓದುವಾಗ ನಾನು ಕೇಳುವುದೂ ಅವರನ್ನೇ. ಭಾವಗೀತೆ ಹಾಕಿಕೊಂಡು ನನಗೆ ಓದಲು ಆಗುವುದಿಲ್ಲ. ಕಣ್ಣು ಒಂದು ಸಾಲಿನ ಮೇಲಿದ್ದರೆ ಕಿವಿ ಇನ್ನೊಂದು ಸಾಲನ್ನು ಹಿಡಿಯುತ್ತದೆ. ಇದು ನನ್ನೊಬ್ಬಳ ಅನುಭವವಲ್ಲ. ಗಮನ ಕೊಡದೆ ಕೇಳಿಸಿಕೊಂಡ ಮಾತೂ ಅಲ್ಪಾವಧಿ ನೆನಪನ್ನು ಕೆಡಿಸುತ್ತದೆ ಎಂದು ಸಾಲಾಮೆ ಮತ್ತು ಬ್ಯಾಡ್ಲಿ ಎಂಬ ಮನೋವಿಜ್ಞಾನಿಗಳು 1982ರಲ್ಲೇ ತೋರಿಸಿದ್ದಾರೆ. ಮನ್ಸೂರರ ಆಲಾಪದಲ್ಲಿ ಪದ ಕಡಿಮೆ, ಸ್ವರ ಹೆಚ್ಚು. ಅದು ಓದಿನ ಜೊತೆ ಜಗಳವಾಡುವುದಿಲ್ಲ. ಆದರೆ ಬಂದಿಶ್ ಶುರುವಾಗಿ ತಾನುಗಳು ಬರತೊಡಗಿದರೆ ಪುಸ್ತಕ ಮುಚ್ಚುವುದೇ ಸರಿ. ಅಂಥ ಹಾಡುಗಾರಿಕೆಯನ್ನು ಹಿನ್ನೆಲೆ ಸದ್ದಾಗಿ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೆ ಹೆಸರುಗಳ ವಿಷಯಕ್ಕೆ ಬರುತ್ತೇನೆ. 2006ರ ‘ಮುಂಗಾರು ಮಳೆ’ಯ ಮಳೆ ಹಾಡುಗಳು ನನ್ನ ವಾರಿಗೆಯವರೆಲ್ಲರಿಗೂ ಬರುತ್ತವೆ. ಕೇಳಿದರೆ ಸೋನು ನಿಗಮ್ ಹಾಡು ಎನ್ನುತ್ತಾರೆ. ಹೌದು, ಬಲು ಚೆಂದ ಹಾಡಿದ್ದಾರೆ. ಅವರ ದನಿಯಲ್ಲಿ ಕೇಳಿ ನಾವು ಹೆಚ್ಚು ಗುನುಗುವ ಹಾಡಿನ ಮಾತು ಜಯಂತ ಕಾಯ್ಕಿಣಿಯವರದು, ರಾಗ ಮನೋಮೂರ್ತಿಯವರದು. ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿದ್ದು ಇದೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂದು ನಾನು ಹೇಳಿದಾಗ ಗೆಳತಿಯರು ಬೆರಗಾಗುತ್ತಾರೆ. ಇನ್ನು 1967ರ ‘ಬೆಳ್ಳಿಮೋಡ’. ಪುಟ್ಟಣ್ಣ ಕಣಗಾಲರು ಅದರಲ್ಲಿ ಬೇಂದ್ರೆಯವರ ಬೆಳಗಿನ ಕವಿತೆಯನ್ನು ಬಳಸಿದರು, ವಿಜಯಭಾಸ್ಕರ್ ರಾಗ ಹಾಕಿದರು. ಅದನ್ನು ಬರೀ ಸಿನಿಮಾ ಹಾಡೆಂದು ತಿಳಿದವರು ಬೇಂದ್ರೆಯವರು ಬದುಕಿದ ಸಾಧನಕೇರಿಯ ಹಾದಿಯಲ್ಲೇ ನನಗೆ ಸಿಕ್ಕಿದ್ದಾರೆ. ಅಂಬಿಕಾತನಯದತ್ತ ಎಂದು ತಾಯಿಯ ಹೆಸರನ್ನು ತನ್ನ ಹೆಸರಿಗೆ ಸೇರಿಸಿ ಕವಿತೆಗಳ ಕೆಳಗೆ ಬರೆದ ಕವಿಗೆ ಹೀಗಾಗಬಾರದಿತ್ತು. ಪ್ರತಿ ನವೆಂಬರಿನಲ್ಲಿ ಶಾಲೆ ಶಾಲೆಗಳಲ್ಲಿ ಹಾಡುವ ದೀಪದ ಗೀತೆ ಬೆಳಗಾವಿ ಸೀಮೆಯ ಡಿ.ಎಸ್. ಕರ್ಕಿಯವರದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ನಾಡಿನ ಹಾಡು ನಮ್ಮ ಗದುಗಿನ ವಕೀಲ ಹುಯಿಲಗೋಳ ನಾರಾಯಣರಾಯರದು. ಹಾಡು ಗೊತ್ತಿದ್ದು ಇವರ ಹೆಸರು ಗೊತ್ತಿಲ್ಲದ ಮಕ್ಕಳು ಎಷ್ಟು ಮಂದಿ ಎಂದು ಯಾವುದೇ ಶಾಲೆಯ ತರಗತಿಯಲ್ಲಿ ನಿಂತು ಕೇಳಿ ನೋಡಿ.

ರಾಗದ ಹೆಸರೂ ಸಣ್ಣದಲ್ಲ ಎಂಬುದಕ್ಕೆ ನಮ್ಮ ನಾಡಗೀತೆಯೇ ಸಾಕ್ಷಿ. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ನಾಡಗೀತೆಯೆಂದು ಘೋಷಿಸಲಾಯಿತು. ಯಾರ ರಾಗದಲ್ಲಿ ಹಾಡಬೇಕು ಎಂಬ ಚರ್ಚೆ ಮುಗಿಯಲು ಬಹಳ ವರ್ಷ ಹಿಡಿಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು ಕಡೆ, ಸಿ. ಅಶ್ವಥ್ ಅವರ ಧಾಟಿ ಇನ್ನೊಂದು ಕಡೆ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಅಧಿಕೃತಗೊಳಿಸಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದಿತು. ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯ ಉಳಿದಿರಬಹುದು, ನ್ಯಾಯಾಲಯದವರೆಗೂ ಅದು ಹೋಯಿತು. ನನಗೆ ಸಂತೋಷ ಕೊಟ್ಟದ್ದು ಬೇರೆ: ರಾಗ ಕಟ್ಟಿದವರ ಹೆಸರು ಸರ್ಕಾರದ ಆದೇಶದಲ್ಲಿ ಅಚ್ಚಾಯಿತು.

ಕಾನೂನು ಕೂಡ ಬರೆದವರ ಪರವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ಕೃತಿ ನನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. 2012ರ ತಿದ್ದುಪಡಿಯಂತೆ, ಸಿನಿಮಾ ಹಾಡು ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ಗೌರವಧನದಲ್ಲಿ ಗೀತೆ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು ಇದೆ. ಅವರು ಅದನ್ನು ಬರೆದುಕೊಟ್ಟರೂ ಆ ಕಾಗದ ನಿಲ್ಲುವುದಿಲ್ಲ. ಹೆಸರು ಮರೆತರೆ ಹಣವೂ ದಾರಿ ತಪ್ಪುತ್ತದೆ. ಹಾಗಾಗಿ ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು.

ಎಲ್ಲ ಹಾಡಿಗೂ ಹೆಸರಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಬೀಸುವಾಗ ಕುಟ್ಟುವಾಗ ಕಟ್ಟಿ ಹಾಡಿದ ಆ ತ್ರಿಪದಿಗಳನ್ನು ಮೊದಲು ನುಡಿದ ಹೆಣ್ಣುಮಕ್ಕಳು ಯಾರೆಂದು ಇನ್ನು ತಿಳಿಯಲಾರದು. ಆದರೆ ಹೆಸರಿಲ್ಲದ ಹಾಡಿಗೂ ಒಂದು ಊರಿರುತ್ತದೆ, ಒಂದು ಕೆಲಸವಿರುತ್ತದೆ, ಕಲಿಸಿದ ಒಬ್ಬ ಅತ್ತೆಯೋ ಮುದುಕಿಯೋ ಇರುತ್ತಾಳೆ. 2018ರಲ್ಲಿ ಶುರುವಾದ ಟಿವಿ ಗಾಯನ ಸ್ಪರ್ಧೆಯೊಂದರಲ್ಲಿ ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಎರಡನೆಯ ಸ್ಥಾನಕ್ಕೆ ಬಂದಾಗ ನಮ್ಮ ಕಡೆಯ ಹಳ್ಳಿ ಹಳ್ಳಿಯೇ ಹಿಗ್ಗಿತು. ಕುರಿ ಕಾಯುತ್ತ ಹಾಡಿದ ದನಿ ನಾಡಿನ ಮನೆ ಮನೆಗೆ ಮುಟ್ಟಿತಲ್ಲ ಎಂಬ ಹೆಮ್ಮೆ ನನಗೂ ಇದೆ. ಟಿವಿಯ ಶಕ್ತಿ ಅದು. ಆ ಶಕ್ತಿಯನ್ನು ಇಷ್ಟು ಚೆನ್ನಾಗಿ ಹಾಡುಗಾರರಿಗೆ ಕೊಡಬಲ್ಲವರು, ಜನಪದ ಹಾಡು ಯಾವ ಸೀಮೆಯದು, ಯಾವಾಗ ಹಾಡುತ್ತಾರೆ, ಯಾರಿಂದ ಕಲಿತದ್ದು ಎಂಬ ಎರಡು ಮಾತನ್ನೂ ಸೇರಿಸಬಲ್ಲರು.

ಅದು ಆಗದ ಮಾತೇನಲ್ಲ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸುವ ‘ಥಟ್ ಅಂತ ಹೇಳಿ’ 2002ರಿಂದ ಬರುತ್ತಿದೆ. ಸರಿ ಉತ್ತರ ಕೊಟ್ಟವರಿಗೆ ಅಲ್ಲಿ ಸಿಗುವುದು ಕನ್ನಡ ಪುಸ್ತಕ. ಕೊಡುವಾಗ ಪುಸ್ತಕದ ಹೆಸರು, ಬರೆದವರ ಹೆಸರು ಹೇಳಿಯೇ ಕೊಡುತ್ತಾರೆ. ಅಬ್ಬರವಿಲ್ಲ, ಕಣ್ಣೀರಿಲ್ಲ, ಆದರೂ ಇಷ್ಟು ವರ್ಷ ಜನ ನೋಡಿದ್ದಾರೆ. ನನ್ನ ಓದಿನ ಪಟ್ಟಿಯಲ್ಲಿ ಎಷ್ಟೋ ಲೇಖಕರು ಸೇರಿದ್ದು ಆ ಕಾರ್ಯಕ್ರಮದಿಂದ.

ಹಾಗಾಗಿ ನನ್ನ ಕೋರಿಕೆಗಳು ಸರಳ. ಟಿವಿಯವರು ಹಾಡು ಇರುವಷ್ಟು ಹೊತ್ತೂ ಕವಿಯ, ಸಂಯೋಜಕರ ಹೆಸರನ್ನು ಓದುವಷ್ಟು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಉಳಿಸಲಿ. ದಾಸರ ಪದವನ್ನೋ ಶರೀಫರ ಪದವನ್ನೋ ಕಡಿತ ಮಾಡುವುದೇ ಆದರೆ ನಡುವಿನ ನುಡಿಯನ್ನು ಬಿಟ್ಟು ಅಂಕಿತದ ನುಡಿಯನ್ನು ಹಾಡಲಿ. ವಿಶ್ವವಿದ್ಯಾಲಯಗಳು ಚಿತ್ರಗೀತೆ, ಧಾರಾವಾಹಿಗಳ ಶೀರ್ಷಿಕೆ ಗೀತೆ, ಭಾವಗೀತೆಗಳ ಧ್ವನಿಮುದ್ರಿಕೆಗಳನ್ನು ಪುಸ್ತಕದಷ್ಟೇ ಗೌರವದಿಂದ ಪಟ್ಟಿ ಮಾಡಲಿ. ಧಾರಾವಾಹಿಗಳ ಶೀರ್ಷಿಕೆ ಗೀತೆಗಳಂತೂ ಧಾರಾವಾಹಿ ನಿಂತ ದಿನವೇ ಜನರ ಕಣ್ಣಿಂದ ಮರೆಯಾಗುತ್ತಿವೆ, ಒಳ್ಳೆಯ ಕವಿಗಳು ಅವನ್ನು ಬರೆದಿದ್ದರೂ.

ಓದುಗರಲ್ಲೂ ಒಂದು ಮಾತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಅದರ ನಂತರ ಎಷ್ಟೋ ಕ್ಯಾಸೆಟ್ಟುಗಳು ಬಂದವು. ಅವುಗಳ ಪೆಟ್ಟಿಗೆಯೊಳಗೆ ಮಡಿಚಿಟ್ಟ ಚೀಟಿಯಲ್ಲಿ ಕವಿ, ಸಂಯೋಜಕ, ಗಾಯಕ, ಕೆಲವೊಮ್ಮೆ ತಬಲಾ ಕೊಳಲು ನುಡಿಸಿದವರ ಹೆಸರೂ ಇರುತ್ತಿತ್ತು. ಆ ಹೆಸರುಗಳಲ್ಲಿ ಅನೇಕವು ಈಗ ಬೇರೆಲ್ಲೂ ದಾಖಲಾಗಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ, ಟೇಪು ಹಾಳಾಗಿದ್ದರೂ ಚಿಂತೆಯಿಲ್ಲ, ದಯವಿಟ್ಟು ಆ ಚೀಟಿಗಳನ್ನು ಎಸೆಯಬೇಡಿ. ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಗ್ರಂಥಾಲಯಕ್ಕೋ ಕೊಟ್ಟುಬಿಡಿ.